ಅವನ ಹಾಡಿಗೆ ಯಾರದೋ ಮುಖ

ನನ್ನ ಗಂಡ ದುರ್ಗಪ್ಪ ಪ್ರೊಡ್ಯೂಸರ್. ನಗಬೇಡಿ. ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಬಿದಿರು ಚೂರು ಮಾಡುವ ಯಂತ್ರದ ಮುಂದೆ ಇಪ್ಪತ್ತು ವರ್ಷ ನಿಂತ ಮನುಷ್ಯ ಎಂಥ ಪ್ರೊಡ್ಯೂಸರ್ ಎಂದು ನೀವು ಕೇಳಬಹುದು. ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ನಿಂತ ಯಾರನ್ನಾದರೂ ವಿಚಾರಿಸಿ, ಹೇಳುತ್ತಾರೆ. ಸಂಗೀತ ನಾಟಕ ಹದಿನೆಂಟು, ಟೀವಿ ಕಾರ್ಯಕ್ರಮ ಒಂದು, ಸಿನಿಮಾ ಒಂದು. ಅವರ ಹಿಂದೆ ಬಣ್ಣದ ಪೆಟ್ಟಿಗೆ ಹೊತ್ತು ತಿರುಗಿದವಳು ನಾನು, ಸಕ್ಕುಬಾಯಿ. ಮೊನ್ನೆ ಊರಿನ ನಾಟಕ ಸಂಘದವರು ಬಂದು, ಸರ್ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದೇವೆ, ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದರು. ಬರೆಯಲು ಕೂತೆ. ಒಳ್ಳೆಯ ಮಾತು ಒಂದೂ ಬರಲಿಲ್ಲ, ನಾಚಿಕೆ ಬಂತು. ಅದಕ್ಕೇ ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ನಾವು ಬೈಲಹೊಂಗಲದ ಕಡೆಯವರು. ಮದುವೆಯಾಗಿ ಹದಿನೈದು ದಿನಕ್ಕೆ ಮಿಲ್ಲಿನ ಕ್ವಾರ್ಟರ್ಸಿಗೆ ಬಂದೆ. ಬಂದ ದಿನವೇ ಗೊತ್ತಾಯಿತು, ಈ ಮನುಷ್ಯನಿಗೆ ಪಗಾರಕ್ಕಿಂತ ಪೇಟಿ ಮುಖ್ಯ ಎಂದು. ಮನೆಯಲ್ಲಿ ಎರಡು ಪಾತ್ರೆ, ಒಂದು ಚಾಪೆ. ಮೂಲೆಯಲ್ಲಿ ಮಾತ್ರ ಕೆಂಪು ಬಟ್ಟೆ ಹೊದ್ದ ಹಾರ್ಮೋನಿಯಂ ಪೇಟಿ ಮದುಮಗಳ ಹಾಗೆ ಕೂತಿತ್ತು. "ಇದಕ್ಕ ಮದುವಿ ಆಗಬೇಕಿತ್ತು, ನನ್ನ ಯಾಕ ತಂದ್ರಿ?" ಎಂದು ಕೇಳಿದೆ. ಹಲ್ಲು ಕಿರಿದರು. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುತ್ತಾರಲ್ಲ, ಆ ಜಾತಿ. ಪಾಳಿ ಮುಗಿಸಿ ಬಂದವರೇ ಕ್ವಾರ್ಟರ್ಸಿನ ಹುಡುಗರನ್ನು ಕಲೆಹಾಕಿ ತಾಲೀಮು ನಡೆಸುತ್ತಿದ್ದರು. ತೊಂಬತ್ತೆರಡರಲ್ಲಿ ಮೊದಲ ನಾಟಕ ಆಡಿಸಿದಾಗ ಹ್ಯಾಂಡ್‌ಬಿಲ್ಲಿನಲ್ಲಿ ದೇವರ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ 'ಪ್ರೊಡ್ಯೂಸರ್ ದುರ್ಗಪ್ಪ' ಎಂದು ಅಚ್ಚು ಹಾಕಿಸಿಕೊಂಡರು. ಅಂದಿನಿಂದ ಆ ಹೆಸರು ಅಂಟಿತು.

ನಮ್ಮ ಕಡೆ ಹವ್ಯಾಸಿ ನಾಟಕಕ್ಕೆ ಒಂದು ಪದ್ಧತಿ ಇದೆ. ಪಾತ್ರವನ್ನು ಯೋಗ್ಯತೆ ನೋಡಿ ಕೊಡುವುದಿಲ್ಲ. ಖರ್ಚಿನಲ್ಲಿ ದೊಡ್ಡ ಪಾಲು ಹಾಕಿದವನು ರಾಜ, ಅರ್ಧ ಹಾಕಿದವನು ಮಂತ್ರಿ, ಕೈ ಖಾಲಿ ಇದ್ದವನು ಬಾಗಿಲು ಕಾಯುವವನು. ರಾಜನಿಗೆ ಹಾಡು ಬರಬೇಕೆಂದೇನೂ ಇಲ್ಲ. ಬಾರದಿದ್ದರೆ ಪಕ್ಕದ ಪರದೆಯ ಹಿಂದೆ ಪೇಟಿಯ ಬಳಿ ಒಬ್ಬ ಹಾಡುಗಾರನನ್ನು ನಿಲ್ಲಿಸುತ್ತಾರೆ. ಅವನು ಹಾಡುತ್ತಾನೆ, ರಾಜ ಮುಂದೆ ನಿಂತು ಬಾಯಿ ಆಡಿಸುತ್ತಾನೆ. ಇದಕ್ಕೆ ನಾವು ಒಳಹಾಡು ಅನ್ನುತ್ತಿದ್ದೆವು. ನೋಡುವವರಿಗೂ ಇದು ಗೊತ್ತು, ಆಡುವವರಿಗೂ ಗೊತ್ತು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ನಮ್ಮ ಒಳಹಾಡಿನವನು ತುಳಜಪ್ಪ. ಹಳಿಯಾಳ ತಾಲೂಕಿನ ಕಾಡಂಚಿನ ಒಂದು ವಾಡೆಯ, ಅಂದರೆ ನಾಲ್ಕಾರು ಮನೆಗಳ ಕೇರಿಯ, ಸಿದ್ದಿ ಹುಡುಗ. ಅವನ ಜನ ಇಲ್ಲಿ ನೆಲೆಸಿ ಎಷ್ಟೋ ತಲೆಮಾರಾಯಿತು. ನಾವು ಬೈಲಹೊಂಗಲದಿಂದ ನಿನ್ನೆ ಮೊನ್ನೆ ಬಂದವರು. ಆದರೂ ಅವರ ಕಪ್ಪು ಮೈಬಣ್ಣ, ಗುಂಗುರು ಕೂದಲು ನೋಡಿ "ಯಾವೂರಪಾ ನಿಂದು?" ಎಂದು ಕೇಳುವವರು ನಾವೇ. ಅವನು ಬಿದಿರಿನ ಲಾರಿ ಇಳಿಸುವ ಕೆಲಸಕ್ಕೆ ಬರುತ್ತಿದ್ದ. ಒಂದು ಮಧ್ಯಾಹ್ನ ಬಿದಿರು ಇಳಿಸುತ್ತ ಹಾಡಿದ್ದು ನನ್ನ ಗಂಡನ ಕಿವಿಗೆ ಬಿತ್ತು. ಊಟಕ್ಕೆ ಬಂದವರು ತಾಟಿನ ಮುಂದೆ ಕೂಡಲೇ ಇಲ್ಲ.

"ಸಕ್ಕೂ, ಗಂಟಲಾ ಅಂದ್ರ ಗಂಟಲಾ ನೋಡು! ಪೇಟಿ ನಾಚಗೋಬೇಕು!"

"ಮದಲ ರೊಟ್ಟಿ ತಿನ್ರಿ, ಆರಾಕ ಹತ್ತೇತಿ," ಎಂದೆ ನಾನು.

ಹಾಡಿಗೆಂದು ಕರೆತಂದವನಿಗೆ ಕೊಟ್ಟ ಪಾತ್ರ ರಾಕ್ಷಸನದು. ಮೊದಲ ಪ್ರವೇಶದಲ್ಲಿ ಕೋಡು ಕಟ್ಟಿಕೊಂಡು ಅಬ್ಬರಿಸಿ ಸಾಯಬೇಕು, ಸತ್ತ ಮೇಲೆ ಪರದೆಯ ಹಿಂದೆ ಹೋಗಿ ರಾಜನ ಹಾಡು ಹಾಡಬೇಕು. ಬಣ್ಣ ಹಚ್ಚಲು ನನ್ನ ಮುಂದೆ ಬಂದು ಕೂತ ಮೊದಲ ದಿನವೇ ನಾನು, "ಇವಗ ಬಣ್ಣದ ಖರ್ಚಽ ಇಲ್ಲ ಬಿಡ್ರಿ," ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನೆಲ ನೋಡುತ್ತ ನಕ್ಕ. ಆಗ ನನಗೆ ನನ್ನ ಮಾತು ಬಹಳ ಚುರುಕು ಅನಿಸಿತ್ತು. ಈಗ ಅದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ.

ತೊಂಬತ್ತೇಳರಲ್ಲಿ ತೇರಗಾಂವದಲ್ಲಿ ನಾಟಕ. ರಾಜನ ಪಾತ್ರ ದುಂಡೇಶನದು. ಹಳಿಯಾಳದ ಕಿರಾಣಿ ವ್ಯಾಪಾರಿಯ ಮಗ, ನೋಡಲು ಗೋದಿ ಬಣ್ಣ, ಎತ್ತರ, ದುಂಡು ಮುಖ. ಹಾಡಲು ಬಾಯಿ ತೆರೆದರೆ ಎಮ್ಮೆ ಎದ್ದು ಓಡಬೇಕು. ಮೀಸೆ ಅಂಟಿಸಿದವಳು ನಾನು, ಅಂಟು ಹಳೆಯದು. ಎರಡನೆಯ ಅಂಕದ ಹಾಡು ಶುರುವಾಗಿ ಸ್ವರ ಮೇಲಕ್ಕೆ ಏರುವ ಹೊತ್ತಿಗೆ ಅವನ ಮೀಸೆ ಕಳಚಿ ಬಾಯೊಳಗೆ ಹೋಯಿತು. ಅವನು ಬಗ್ಗಿ ಥೂ ಥೂ ಎಂದು ಉಗುಳುತ್ತಿದ್ದಾನೆ, ಕೆಮ್ಮುತ್ತಿದ್ದಾನೆ, ಕಣ್ಣಲ್ಲಿ ನೀರು. ಹಾಡು ಮಾತ್ರ ತನ್ನ ಪಾಡಿಗೆ ಹರಿಯುತ್ತಲೇ ಇದೆ. ಮುಂದೆ ಕೂತಿದ್ದ ಒಬ್ಬ ಮುದುಕಿ ಎದ್ದು ನಿಂತು ಕೂಗಿದಳು: "ಯವ್ವಾ ಯವ್ವಾ, ರಾಜಾ ಮೀಸಿ ತಿನ್ನಾಕ ಹತ್ಯಾನ, ಹಾಡು ಯಾರ ಹೊಟ್ಟ್ಯಾಗಿಂದ ಬರಾಕ ಹತ್ತೇತಿ?"

ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಒಂದೇ ಕೂಗು: "ಹಾಡಾಂವನ್ನ ಹೊರಗ ಕರೀರಿ!" ಬೇರೆ ದಾರಿ ಇರಲಿಲ್ಲ. ತುಳಜಪ್ಪ ರಾಕ್ಷಸನ ವೇಷದಲ್ಲೇ, ಕೋಡಿನ ಸಮೇತ ಹೊರಗೆ ಬಂದ. ಅದೇ ಹಾಡನ್ನು ಮತ್ತೆ ಹಾಡಿದ. ಜನ ಉಸಿರು ಬಿಗಿಹಿಡಿದು ಕೇಳಿದರು. ಮೂರು ಸಲ ಹಾಡಿಸಿದರು.

ಚಪ್ಪಾಳೆಯ ಅಮಲು ನನ್ನ ಗಂಡನ ತಲೆಗೇರಿತ್ತು. ನಾಟಕ ಮುಗಿದು ವೇಷ ಬಿಚ್ಚುವ ಕಡೆ ಎಲ್ಲರ ಮುಂದೆ ಅವನ ಹೆಗಲ ಮೇಲೆ ಕೈಯಿಟ್ಟರು. "ತುಳಜಪ್ಪಾ, ಮುಂದಿನ ಸರ್ತಿ ರಾಜಾನ ಪಾರ್ಟ ನಿಂದು. ಮಾರೀನೂ ನಿಂದಽ, ಹಾಡೂ ನಿಂದಽ. ಮಾತ ಕೊಟ್ಟೆ."

ಅವನು ಕೋಡು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ. "ನಮ್ಮವ್ವಗ ತೋರಸ್ಬೇಕ್ರಿ ಸಾಹೇಬ್ರ. ಆಕಿ ಪ್ರತಿ ನಾಟಕಕ್ಕೂ ಬರ್ತಾಳ, ಪ್ರತಿ ಸರ್ತೀನೂ ನಾ ಸಾಯೂದಽ ನೋಡ್ತಾಳ. ಒಮ್ಮೆರ ನಾ ನಿಂತ ಹಾಡೂದು ನೋಡ್ಲಿ," ಎಂದ.

ಅವನು ಕೇಳಿದ್ದು ಅಷ್ಟೇ. ಕಿರೀಟ ಕೇಳಲಿಲ್ಲ, ಹೆಸರು ಕೇಳಲಿಲ್ಲ. ತನ್ನ ಮುಖದಲ್ಲಿ ತನ್ನ ಹಾಡನ್ನು ತಾಯಿ ನಾನಿಬಾಯಿ ಒಮ್ಮೆ ನೋಡಬೇಕು, ಅಷ್ಟೇ. ಮುಂದಿನ ಸರ್ತಿ ಬಂತು, ಪಾಲು ಹಾಕಿದವನು ಬೇರೆ ಇದ್ದ. ಅದರ ಮುಂದಿನ ಸರ್ತಿಯೂ ಬಂತು. ನಾಲ್ಕು ವರ್ಷ ಅವನು ಕೋಡು ಕಟ್ಟಿದ, ಸತ್ತ, ಒಳಗೆ ಹೋಗಿ ಹಾಡಿದ. ಒಮ್ಮೆಯೂ ನೆನಪು ಮಾಡಿಕೊಡಲಿಲ್ಲ. ನೆನಪು ಮಾಡಿದ್ದರೆ ನಾವು ಬೈದಾದರೂ ಹಗುರಾಗುತ್ತಿದ್ದೆವು.

ಎರಡು ಸಾವಿರದ ಒಂದರಲ್ಲಿ ಹಳಿಯಾಳದ ಕೇಬಲ್ಲಿನ ಶಿವಲಿಂಗಪ್ಪ ಊರಿನದೇ ಒಂದು ಚಾನೆಲ್ ಶುರು ಮಾಡಿದ. ರವಿವಾರ ಬೆಳಿಗ್ಗೆ ಅರ್ಧ ತಾಸು ಹಾಡಿನ ಕಾರ್ಯಕ್ರಮ ನಿಮ್ಮದು ಎಂದು ನನ್ನ ಗಂಡನಿಗೆ ಕೊಟ್ಟ. ದಾಂಡೇಲಿಯಲ್ಲೂ ಅದೇ ಕೇಬಲ್ ಬರುತ್ತಿತ್ತು. ಇವರಿಗೆ ನೆಲ ಕಾಣಲಿಲ್ಲ. "ಸಕ್ಕೂ, ಇದರಾಗ ಪಾಲಿನವರ ಕಾಟಾ ಇಲ್ಲ. ನಾ ಯಾರನ್ನ ಅಂತೇನಿ ಅವನಽ ರಾಜಾ. ಮದಲನೇ ವಾರ ತುಳಜಪ್ಪಂದು," ಎಂದರು. ನಾನು ಹೂಂ ಎಂದೆ. ನಿಜವಾಗಿ ಖುಷಿಯಿಂದಲೇ ಎಂದೆ, ಸುಳ್ಳೇಕೆ ಹೇಳಲಿ.

ಹಾಡನ್ನು ಮೊದಲು ಮನೆಯಲ್ಲೇ ಟೇಪ್ ರೆಕಾರ್ಡರಿನಲ್ಲಿ ಹಿಡಿದುಕೊಂಡೆವು. ಸೋಮವಾರ ಬೆಳಿಗ್ಗೆ ಕಾಳಿ ನದಿಯ ದಂಡೆಗೆ ಹೋದೆವು. ಮದುವೆ ವಿಡಿಯೋ ತೆಗೆಯುವವನ ಕ್ಯಾಮೆರಾ, ಒಳ್ಳೆಯ ಕ್ಯಾಸೆಟ್ ಒಂದೇ ಒಂದು. ಬಂಡೆಯ ಮೇಲೆ ತುಳಜಪ್ಪನನ್ನು ಕೂರಿಸಿ ನಾನು ಬಿಳಿ ಬಣ್ಣ ಬಳಿಯತೊಡಗಿದೆ. ರಾಜ ಎಂದರೆ ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ. ಎರಡು ಸಲ ಬಳಿದೆ, ಮೂರನೆಯ ಸಲಕ್ಕೆ ಅವನು ಮೆಲ್ಲಗೆ ನನ್ನ ಕೈ ತಡೆದ.

"ಅಕ್ಕಾರ, ಇಷ್ಟ ಬಳದ್ರ ನಮ್ಮವ್ವಗ ನನ್ನ ಗುರ್ತ ಸಿಗೂದಿಲ್ರಿ."

ನನ್ನ ಸೆರಗನ್ನು ಹೊಳೆಯಲ್ಲಿ ಅದ್ದಿ ಎಲ್ಲ ಒರೆಸಿದೆ. ಹಣೆಗೆ ತಿಲಕ, ಕಣ್ಣಿಗೆ ಕಾಡಿಗೆ, ತಲೆಗೆ ಕಿರೀಟ, ಅಷ್ಟೇ ಇಟ್ಟೆ. ಟೇಪ್ ರೆಕಾರ್ಡರಿನಲ್ಲಿ ಅವನದೇ ಹಾಡು ಬಂತು, ಅವನು ಬಾಯಿ ಆಡಿಸಿದ. ಆಡಿಸಿದ್ದೇನು, ಮರೆತು ಜೋರಾಗಿ ಹಾಡಿಯೇ ಬಿಟ್ಟ. ಕ್ಯಾಮೆರಾದವನು ಸಣ್ಣ ಪರದೆಯಲ್ಲಿ ಅವನಿಗೆ ಅವನನ್ನು ತೋರಿಸಿದ. ತುಳಜಪ್ಪ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ. ಅಂದು ಅವನು ರಾಜನೇ ಆಗಿದ್ದ. ನನ್ನ ಕಣ್ಣಲ್ಲಿ ನೀರು ಬಂತು.

ಬುಧವಾರ ಮಧ್ಯಾಹ್ನ ಮನೆಯಲ್ಲಿ ಕ್ಯಾಸೆಟ್ ಹಾಕಿ ನೋಡುತ್ತಿದ್ದೆ. ಪಕ್ಕದ ಮನೆಯ ಈರಕ್ಕ ಸಕ್ಕರೆ ಕೇಳಲು ಬಂದಳು. ಬಾಗಿಲಲ್ಲೇ ನಿಂತು ನೋಡಿದಳು. ಆಮೇಲೆ, "ಏ ಸಕ್ಕೂ, ರಾಜಾನ್ನ ಹಂಚಿನ ಮ್ಯಾಲ ಹುರದ್ರೇನ?" ಎಂದಳು.

ನಾನು ನಕ್ಕೆ.

ಬೈಯಬಹುದಿತ್ತು. ಈರಕ್ಕನ ಬಾಯಿಗೆ ಬೀಗ ಹಾಕುವ ಬಾಯಿ ನನ್ನದು, ಇಡೀ ಕ್ವಾರ್ಟರ್ಸಿಗೆ ಗೊತ್ತು. ಸಕ್ಕರೆ ಇಲ್ಲ ಹೋಗೇ ಎನ್ನಬಹುದಿತ್ತು. ನಕ್ಕುಬಿಟ್ಟೆ. ಅವಳು ಹೋದ ಮೇಲೆ ಮತ್ತೆ ಹಾಕಿ ನೋಡಿದೆ. ಸೋಮವಾರ ಕಂಡ ರಾಜ ಈಗ ಕಾಣಲಿಲ್ಲ. ಈರಕ್ಕನ ಮಾತೇ ಕಂಡಿತು. ರವಿವಾರ ಬೆಳಿಗ್ಗೆ ಹಳಿಯಾಳ, ದಾಂಡೇಲಿ ಎರಡೂ ಊರು ಕೂತು ನೋಡುತ್ತದೆ, ಎಲ್ಲರ ಮನೆಯಲ್ಲೂ ಒಬ್ಬಳು ಈರಕ್ಕ ಇರುತ್ತಾಳೆ ಎಂದು ಅಂಜಿಕೆಯಾಯಿತು.

ಗಂಡ ಪಾಳಿ ಮುಗಿಸಿ ಬಂದರು. "ಇದನ್ನ ಹಾಕಬ್ಯಾಡ್ರಿ. ಮಂದಿ ನಗತೈತಿ," ಎಂದೆ.

"ಶಿವಲಿಂಗಪ್ಪ ಏನೂ ಅಂದಿಲ್ಲಲ್ಲ."

"ಅವ ಅನ್ನೂದಿಲ್ಲ. ಮಂದಿ ಅಂತೈತಿ. ಮದಲನೇ ವಾರಽ ನಗಿ ಮಾಡ್ಕೊಂಡ್ರ ಮುಂದ ಯಾರ ನೋಡ್ತಾರ? ದುಂಡೇಶನ ಕರೀರಿ. ಹಾಡ ಹೆಂಗೂ ಟೇಪಿನಾಗ ಐತಿ, ಅಂವ ಬಾಯಿ ಆಡಸ್ಲಿ."

ಅವರು ಪೇಟಿಯ ಮೇಲಿನ ಕೆಂಪು ಬಟ್ಟೆ ಸರಿಮಾಡಿದರು. "ನಾ ಅವಗ ಮಾತ ಕೊಟ್ಟೇನಿ, ಸಕ್ಕೂ."

"ಮಾತ ಕೊಟ್ಟಾವರು ನೀವು. ನಾಳೆ ನಳದ ಹಂತ್ಯಾಕ ನಿಂತ ಮಂದಿ ನಗೂದು ನನ್ನ ನೋಡಿ."

ಇಷ್ಟು ವರ್ಷ ನನ್ನ ಯಾವ ಮಾತನ್ನೂ ಕೇಳದ ಗಂಡ ಅದೊಂದನ್ನು ಕೇಳಿದರು. ಗುರುವಾರ ಅದೇ ಬಂಡೆಯ ಮೇಲೆ ದುಂಡೇಶನನ್ನು ಕೂರಿಸಿದೆವು. ಬೇರೆ ಕ್ಯಾಸೆಟ್ ಇರಲಿಲ್ಲ. ಇದ್ದದ್ದನ್ನೇ ಹಿಂದಕ್ಕೆ ತಿರುಗಿಸಿ, ಅದರ ಮೇಲೇ ತೆಗೆದೆವು. ಮದುವೆ ವಿಡಿಯೋದವರೆಲ್ಲ ಹಾಗೆಯೇ ಮಾಡುತ್ತಾರೆ, ಒಬ್ಬರ ಮದುವೆಯ ಮೇಲೆ ಇನ್ನೊಬ್ಬರ ಮದುವೆ. ಆಗ ಅದು ತಪ್ಪು ಎಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಶುಕ್ರವಾರ ಉಳವಿಗೆ ಹೋಗಿ ಕ್ಯಾಸೆಟ್ಟನ್ನು ದೇವರ ಮುಂದಿಟ್ಟು ಕಾಯಿ ಒಡೆಸಿ ಬಂದೆವು. ಆ ದೇವರಿಗೆ ನಮ್ಮನ್ನು ನೋಡಿ ಏನನಿಸಿತೋ.

ತುಳಜಪ್ಪನಿಗೆ ಯಾರು ಹೇಳಬೇಕು? "ನೀವ ಹೇಳ್ರಿ" ಎಂದು ನಾನು, "ನೀನಽ ಹೇಳು, ನಿನಗ ಮಾತಾಡಾಕ ಬರತೈತಿ" ಎಂದು ಅವರು. ಶನಿವಾರ ಕತ್ತಲಾಯಿತು. ಹೇಳಲಿಲ್ಲ.

ರವಿವಾರ ಒಂಬತ್ತೂವರೆಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಹನ್ನೊಂದು ಮಂದಿ. ವಾಡೆಯಲ್ಲಿ ಟೀವಿ ಎಲ್ಲಿಯದು? ಬೆಳಕು ಹರಿಯುವ ಮೊದಲೇ ಎದ್ದು, ನಡೆದು, ಹಳಿಯಾಳಕ್ಕೆ ಬಂದು ಬಸ್ಸು ಹಿಡಿದಿದ್ದರು. ಇಸ್ತ್ರಿ ಮಾಡಿದ ಅಂಗಿಯಲ್ಲಿ ತುಳಜಪ್ಪ, ಅವನ ಹೆಂಡತಿ, ಆರು ವರ್ಷದ ಮಗಳು ಸೌಂದರ್ಯಾ, ಅಣ್ಣತಮ್ಮಂದಿರು. ಎಲ್ಲರ ಮುಂದೆ ಹೊಸ ಸೀರೆಯುಟ್ಟ ನಾನಿಬಾಯಿ. ಕೈಯಲ್ಲಿ ಒಂದು ಸೀಸೆ ಜೇನು. "ನನ್ನ ಮಗನ್ನ ರಾಜಾ ಮಾಡೀಯಂತಲ್ಲವ್ವಾ," ಎಂದು ನನ್ನ ಕೈಯಲ್ಲಿ ಸೀಸೆ ಇಟ್ಟು, ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಳು.

ಭೂಮಿ ಬಾಯಿಬಿಡಬಾರದೇ ಎನಿಸಿತು. ನನ್ನ ಗಂಡ, ಪ್ರೊಡ್ಯೂಸರ್ ಸಾಹೇಬರು, ಕೇಬಲ್ ವೈರು ಸಡಿಲಾಗಿದೆ ಎಂದು ಹೊರಗೆ ಹೋದವರು ಒಳಗೆ ಬರಲೇ ಇಲ್ಲ. ಹೇಡಿ. ನಾನೇನು ಕಡಿಮೆ? ಅಡುಗೆಮನೆಗೆ ಓಡಿ ಅವಲಕ್ಕಿ ಹಚ್ಚಿದೆ, ಬೇಡವಾದಷ್ಟು ಸಕ್ಕರೆ ಹಾಕಿ ಚಹಾ ಮಾಡಿದೆ. ಹೇಳಲು ಅರ್ಧ ತಾಸು ಸಮಯವಿತ್ತು. ಹೇಳದೆ ಬಟ್ಟಲು ಒರೆಸುತ್ತ ನಿಂತೆ.

ಹತ್ತಕ್ಕೆ ಕಾರ್ಯಕ್ರಮ ಶುರುವಾಯಿತು. ಪರದೆಯ ಮೇಲೆ ಗಂಡನ ಹೆಸರು ಬಂದಾಗ ಎಲ್ಲರೂ ಚಪ್ಪಾಳೆ ಹೊಡೆದರು. ನದಿ ಕಂಡಿತು, ಬಂಡೆ ಕಂಡಿತು, ಕಿರೀಟ ಹಾಕಿದವನ ಬೆನ್ನು ಕಂಡಿತು. ತುಳಜಪ್ಪ ಮುಂದಕ್ಕೆ ಬಾಗಿದ. ರಾಜ ತಿರುಗಿದ. ದುಂಡೇಶ. ಬಾಯಿ ತೆರೆದ, ತುಳಜಪ್ಪನ ಹಾಡು ಬಂತು.

ಟೀವಿಯ ಹತ್ತಿರ ಕೂತಿದ್ದ ಸೌಂದರ್ಯಾ ಹಿಂದೆ ತಿರುಗಿ, "ಅಪ್ಪಾ, ನೀ ಯಾವಾಗ ಬರ್ತಿ?" ಎಂದಳು. ಹುಡುಗಿ ಮತ್ತೆ ಟೀವಿಯತ್ತ ತಿರುಗಿ ಕಾಯುತ್ತ ಕೂತಳು. ಹಾಡು ಮುಗಿಯಿತು. ನಾನಿಬಾಯಿ ನನ್ನತ್ತ ನೋಡಿದಳು.

"ಗಂಟಲಾ ನನ್ನ ಮಗಂದು. ಈ ಮಾರಿ ಯಾರದ, ಸಕ್ಕುಬಾಯಿ?"

ಆಗಲಾದರೂ ಹೇಳಬಹುದಿತ್ತು. ತಪ್ಪಾಯಿತು ಎಂದು ಕಾಲು ಹಿಡಿದಿದ್ದರೆ ಆ ಮುದುಕಿ ಎತ್ತಿ ನಿಲ್ಲಿಸುತ್ತಿದ್ದಳು. ನಾನು ಹೇಳಿದ್ದು ಇದು: "ಟೀವಿಯೊಳಗ ಹಂಗಽರಿ. ಹಾಡಾವರು ಒಳಗ ನಿಂದರತಾರ, ಚಂದ ಕಾಣಾವರು ಹೊರಗ ನಿಂದರತಾರ. ನಾವ ತುಳಜಪ್ಪಂದು ತಗದಿದ್ವಿ. ಆದರ ಮಷೀನಿಗೆ ಕರೀ ಮಾರಿ ಹಿಡಿಯೂದಿಲ್ಲಂತ."

ತುಳಜಪ್ಪ ತಲೆಯೆತ್ತಿ ನನ್ನ ಮುಖ ನೋಡಿದ. ಸೋಮವಾರ ನದಿಯ ದಂಡೆಯಲ್ಲಿ ಆ ಸಣ್ಣ ಪರದೆಯಲ್ಲಿ ತನ್ನನ್ನು ತಾನೇ ಕಂಡವನು ಅವನು. ಬಾಯಿ ಮುಚ್ಚಿ ನಕ್ಕವನು. ನಾನು ಹೇಳಿದ್ದು ಹಸಿ ಸುಳ್ಳು ಎಂದು ಅವನಿಗೆ ಗೊತ್ತು, ಅವನಿಗೆ ಗೊತ್ತೆಂದು ನನಗೂ ಗೊತ್ತು. ಅವನು ತಾಯಿಯ ಕಡೆ ತಿರುಗಿದ.

"ಹೌದವ್ವಾ, ಹಿಡಿಯೂದಿಲ್ಲ," ಎಂದ.

ನನ್ನ ಮಾನ ಉಳಿಸಿದ. ಅವನು ಎದ್ದು ನಿಂತು ನನ್ನ ಕೆನ್ನೆಗೆ ಬಾರಿಸಿದ್ದರೆ ಇಷ್ಟು ವರ್ಷ ಉರಿಯುತ್ತಿರಲಿಲ್ಲ. ಅವಲಕ್ಕಿ ತಿಂದರು, ಚಹಾ ಕುಡಿದರು, ಬಟ್ಟಲು ತೊಳೆದಿಟ್ಟು ಹನ್ನೊಂದು ಮಂದಿಯೂ ಮಧ್ಯಾಹ್ನದ ಬಸ್ಸಿಗೆ ಹೋದರು. ಜೇನಿನ ಸೀಸೆಯನ್ನು ನಾನು ತೆರೆಯಲಿಲ್ಲ. ಈರಕ್ಕನಿಗೆ ಕೊಟ್ಟುಬಿಟ್ಟೆ.

ಆ ಹಾಡು ಜನಕ್ಕೆ ಹಿಡಿಸಿತು. ಇದೇ ದೊಡ್ಡ ಅವಮಾನ. ಬಸ್ ಸ್ಟ್ಯಾಂಡಿನಲ್ಲಿ ದುಂಡೇಶನನ್ನು ನಿಲ್ಲಿಸಿ ಜನ ಕೈ ಕುಲುಕುತ್ತಿದ್ದರು. ಮಗುವಿಗೆ ಹಾಡು ಕಲಿಸಿಕೊಡಿ ಎಂದು ಕೇಳಿದವರೂ ಇದ್ದರು. ಅವನು ಗಂಟಲು ಸರಿ ಇಲ್ಲ ಎಂದು ಜಾರಿಕೊಳ್ಳುತ್ತಿದ್ದ. ವರ್ಷವಿಡೀ ಕಾರ್ಯಕ್ರಮ ನಡೆಯಿತು. ಇವರಿಗೆ ಶಾಲಿನ ಮೇಲೆ ಶಾಲು. ಎರಡು ಸಾವಿರದ ನಾಲ್ಕರಲ್ಲಿ ಮಿಲ್ಲಿನ ಕೆಲಸ ಬಿಟ್ಟು ಸಿನಿಮಾಕ್ಕೆ ಕೈಹಾಕಿದರು. ನಾಯಕ ದುಂಡೇಶ, ಹಾಡು ಐದು. ಹಾಡಲು ತುಳಜಪ್ಪ ಬೇಕು. ಆ ರವಿವಾರದ ನಂತರ ಅವನು ನಮ್ಮ ಕಡೆ ತಿರುಗಿ ನೋಡಿರಲಿಲ್ಲ.

ಇವರೊಬ್ಬರೇ ವಾಡೆಗೆ ಹೋದರು. ಸಂಜೆ ಬಂದವರು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು, ಒಳಗೆ ಬರಲಿಲ್ಲ.

"ಏನಂದಾ?" ಎಂದೆ.

"ಚಾ ಕೊಟ್ಟಾ. ಕುಂದ್ರಾಕ ಕಂಬಳಿ ಹಾಸಿದಾ. ಹಾಡೂದು ಬಿಟ್ಟೇನ್ರಿ ಅಂದಾ." ಚಪ್ಪಲಿ ಬಿಚ್ಚುತ್ತ ಹೇಳಿದರು: "ರಾಕ್ಷಸನ ಪಾರ್ಟ ಇದ್ರ ಹೇಳ್ರಿ, ಬರ್ತೇನಿ ಅಂದಾ. ಅದರಾಗ ಮಾರೀರ ನಂದಽ ಇರತೈತಿ ಅಂದಾ."

ಮದುವೆಯಾದ ಮೇಲೆ ಮೊದಲ ಸಲ ನನ್ನ ಗಂಡ ಅತ್ತದ್ದನ್ನು ನೋಡಿದೆ. ಅವರ ಕೈಯಲ್ಲಿ ಆ ಕೆಲಸ ಮಾಡಿಸಿದವಳು ನಾನು. ಅವರು ಮಾತ್ರ ಇಂದಿಗೂ ಒಮ್ಮೆಯೂ "ನಿನ್ನಿಂದ" ಎಂದಿಲ್ಲ. ಸಿನಿಮಾ ಹೇಗೋ ಮುಗಿಯಿತು, ಹುಬ್ಬಳ್ಳಿಯಿಂದ ಯಾರನ್ನೋ ತಂದು ಹಾಡಿಸಿದರು. ಹಳಿಯಾಳದ ಟಾಕೀಸಿನಲ್ಲಿ ಮೂರು ದಿನ ಓಡಿತು. ಮೂರನೆಯ ದಿನ ಒಳಗೆ ಕೂತವರು ನಾವಿಬ್ಬರು, ದುಂಡೇಶನ ಮನೆಯವರು, ಬಿಸಿಲಿಗೆ ಬಂದ ಒಂದಿಬ್ಬರು ಮುದುಕರು. ಅಲ್ಲಿಗೆ ಪ್ರೊಡ್ಯೂಸರ್ ದುರ್ಗಪ್ಪನ ಸಿನಿಮಾ ಮುಗಿಯಿತು. ಆಮೇಲೆ ಶಾಲೆಗಳ ವಾರ್ಷಿಕ ಗ್ಯಾದರಿಂಗಿಗೆ ನಾಟಕ ಕಲಿಸಿ ಹೊಟ್ಟೆ ಹೊರೆದೆವು.

ಎರಡು ಸಾವಿರದ ಎಂಟರಲ್ಲಿ ಮುಂಡಗೋಡದ ಒಂದು ವಸತಿ ಶಾಲೆಯವರು ಕರೆದರು. ತಾಲೀಮು ಇವರು ಹದಿನೈದು ದಿನ ಅಲ್ಲೇ ಇದ್ದು ಮಾಡಿಸಿದ್ದರು. ನಾನು ಬಣ್ಣಕ್ಕೆಂದು ನಾಟಕದ ದಿನ ಮಧ್ಯಾಹ್ನ ಹೋದೆ. ಒಂದು ತರಗತಿಯಲ್ಲಿ ಪೆಟ್ಟಿಗೆ ತೆರೆದು ಕೂತೆ. ಮಕ್ಕಳು ಸಾಲಾಗಿ ಬಂದರು. ರಾಣಿಯ ಪಾತ್ರದ ಹುಡುಗಿಗೆ ಬಣ್ಣ ಹಚ್ಚಿ ಮುಗಿಸಿದೆ. ಬಾಗಿಲ ಬಳಿ ಇನ್ನೊಬ್ಬಳು ನಿಂತಿದ್ದಳು. ಹದಿಮೂರು ಇರಬಹುದು, ಗುಂಗುರು ಕೂದಲನ್ನು ಎಳೆದು ಎರಡು ಜಡೆ ಹಾಕಿದ್ದಳು.

"ಬಾರವ್ವಾ, ನಿಂದ ಯಾವ ಪಾರ್ಟ?"

"ನನಗ ಬಣ್ಣ ಬ್ಯಾಡ್ರಿ. ನಾ ರಾಣೀ ಹಾಡ ಹಾಡಾಕಿ. ಒಳಗ ನಿಂತ ಹಾಡ್ತೇನ್ರಿ."

"ನಿನಗಽ ಹಾಡಾಕ ಬಂದ್ರ ನೀನಽ ರಾಣಿ ಆಗಬೇಕಿಲ್ಲೋ?"

"ದುರ್ಗಪ್ಪ ಸರ್ ಹಂಗಽ ಅಂದಿದ್ರು. ರಾಣೀ ಪಾರ್ಟ ನೀ ಮಾಡಂತ ಭಾಳ ಸರ್ತಿ ಹೇಳಿದ್ರು. ನಾನಽ ಬ್ಯಾಡಂದೆ. ಇವತ್ತ ವಿಡಿಯೋ ತಗೀತಾರಲ್ರಿ. ಚಂದ ಕಾಣಾವರು ಹೊರಗ ನಿಂದರಬೇಕ್ರಿ, ಹಾಡಾವರು ಒಳಗ." ಹುಡುಗಿ ಪಾಠ ಒಪ್ಪಿಸುವ ಹಾಗೆ ಸರಳವಾಗಿ ಹೇಳಿದಳು. "ನೀವಽ ಹೇಳಿದ್ರಲ್ರಿ. ನಾ ಸೌಂದರ್ಯಾ, ತುಳಜಪ್ಪನ ಮಗಳು. ಅವತ್ತ ನಿಮ್ಮ ಮನ್ಯಾಗ ಟೀವಿ ಮುಂದ ನಾನಽ ಕುಂತಿದ್ದೆ."

ನಾನು ಬಣ್ಣದ ಬಟ್ಟಲನ್ನು ಕೆಳಗಿಟ್ಟೆ.

"ಮಷೀನಿಗೆ ಕರೀ ಮಾರಿ ಹಿಡಿಯೂದಿಲ್ಲ ಅಂದದ್ದು ಸುಳ್ಳ ಅಂತ ಆಮ್ಯಾಲ ಗೊತ್ತಾತ್ರಿ. ಸಾಲ್ಯಾಗ ನಮ್ಮ ಫೋಟೋ ತಗದಾಗ ಚಂದಂಗ ಬಂತು. ಆದರ ಇನ್ನೊಂದ ಮಾತು ಖರೇ ಇರಬೇಕಲ್ರಿ. ಅಪ್ಪಾನೂ ಹೌದಂದಿದ್ದಾ."

ಪಾಪದ ಹುಡುಗಿ. ಆರು ವರ್ಷದ್ದಿದ್ದಾಗ ನಾನು ಬಾಯಿಗೆ ಬಂದಂತೆ ಆಡಿದ ಮಾತನ್ನು ಹದಿಮೂರರವರೆಗೆ ಎದೆಯಲ್ಲಿಟ್ಟುಕೊಂಡು, ಕೊಡುತ್ತೇನೆ ಎಂದ ಪಾತ್ರವನ್ನು ತಾನೇ ಬಿಟ್ಟುಕೊಟ್ಟು ಬಂದಿತ್ತು. ನನ್ನ ಗಂಡನ ಸಂಗಡ ಒಂದು ಮಾತಿನ ಜಗಳವನ್ನೂ ಆಡದೆ. ಅವಳ ಎರಡೂ ಕೈ ಹಿಡಿದು ಹತ್ತಿರ ಎಳೆದುಕೊಂಡೆ. ಈ ಸಲ ತಡಮಾಡಲಿಲ್ಲ.

"ಎರಡೂ ಸುಳ್ಳವ್ವಾ. ಎರಡೂ ನಾನಽ ಹೇಳಿದ್ದು. ನಿಮ್ಮಪ್ಪನ ಮಾರಿ ಕ್ಯಾಮೆರಾದಾಗ ಹಿಡದಿತ್ತು. ಅವನಂಥಾ ಚಂದನ ರಾಜಾನ್ನ ನಾ ಎಲ್ಲೂ ನೋಡಿಲ್ಲ. ಮಂದಿ ನಗ್ತಾರಂತ ಅಂಜಿ ನಾನಽ ಬ್ಯಾಡಂದೆ. ನನ್ನದಽ ತಪ್ಪು. ನಿಮ್ಮಪ್ಪ ನನ್ನ ಮಾನಾ ಕಾಯಾಕ ಹೌದಂದಾ."

ಅವಳ ಕಣ್ಣು ಒಮ್ಮೆಗೇ ಅರಳಿತು.

"ಹಂಗಾರ ಐತೇನ್ರಿ ಅದು? ಅಪ್ಪ ಹಾಡಿದ್ದು? ನನಗ ತೋರಸ್ರಿ."

ಇದನ್ನು ನಾನು ಯೋಚಿಸಿರಲಿಲ್ಲ. ಏಳು ವರ್ಷ ತಪ್ಪೊಪ್ಪಿಕೊಳ್ಳುವುದನ್ನೇ ಮನಸ್ಸಿನಲ್ಲಿ ತಾಲೀಮು ಮಾಡಿದ್ದೆ, ಒಪ್ಪಿಕೊಂಡರೆ ಮುಗಿಯಿತು ಎಂದುಕೊಂಡಿದ್ದೆ.

"ಇಲ್ಲವ್ವಾ," ಎಂದೆ. "ಅದರ ಮ್ಯಾಲೆಽ ದುಂಡೇಶಂದು ತಗದ್ವಿ. ಅಳಿಸಿ ಹೋತು."

ಅವಳು ಕೈ ಬಿಡಿಸಿಕೊಂಡಳು. ಎಳೆದು ಬಿಡಿಸಿಕೊಳ್ಳಲಿಲ್ಲ, ಮೆಲ್ಲಗೆ, ತಂದೆಯ ಹಾಗೆ.

"ನಮ್ಮ ಅಜ್ಜಿಗೆರ ಹೇಳಬೇಕಿತ್ರಿ," ಎಂದಳು. "ಹ್ವಾದ ವರ್ಷ ತೀರಿಕೊಂಡ್ಳು."

ಹೊರಗೆ ಮೊದಲ ಗಂಟೆ ಬಾರಿಸಿತು. ಬಾ, ಬಣ್ಣ ಹಚ್ಚುತ್ತೇನೆ, ಇನ್ನೂ ಹೊತ್ತು ಮೀರಿಲ್ಲ, ಸರ್‌ಗೆ ನಾನು ಹೇಳುತ್ತೇನೆ ಎಂದು ಎರಡು ಸಲ ಕರೆದೆ. ಅವಳು ಪರದೆಯ ಹಿಂದೆ ಹೋಗಿ ಪೇಟಿಯ ಪಕ್ಕದಲ್ಲಿ ನಿಂತು ಹಾಡಿದಳು.